ತಂದೆತಾಯಿ ತೊರೆದಾಗ: ಹೀಬ್ರೂ ಕೀರ್ತನೆಗಳು ಮತ್ತು ಬಾಗೇವಾಡಿಯ ಬಸವಣ್ಣ

ಯೆಹೂದ್ಯರು ತನಖ್ ಎಂದೂ ಕ್ರೈಸ್ತರು ಹಳೆಯ ಒಡಂಬಡಿಕೆ ಎಂದೂ ಕರೆಯುವ ಪ್ರಾಚೀನ ಹೀಬ್ರೂ ಗ್ರಂಥದಲ್ಲಿ ಮನೆತನವು ಮನುಷ್ಯನಿಗೆ ಆಸರೆಯಾಗಿರುವಷ್ಟೇ ಅವನ ಸಂಕಟಕ್ಕೂ ಕಾರಣವಾಗಿದೆ. ಕಾಯಿನನು ತಮ್ಮನಾದ ಹೇಬೆಲನನ್ನು ಕೊಲ್ಲುತ್ತಾನೆ. ಯಾಕೋಬನು ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ದೃಷ್ಟಿ ಮಂದವಾದ ತಂದೆಯಿಂದ ಮೋಸದಿಂದ ಪಡೆದು ಊರು ಬಿಡುತ್ತಾನೆ. ಯೋಸೇಫನು ಅಣ್ಣಂದಿರ ಹೊಟ್ಟೆಕಿಚ್ಚಿಗೆ ಸಿಕ್ಕಿ 20 ಬೆಳ್ಳಿ ನಾಣ್ಯಗಳಿಗೆ ಮಾರಾಟವಾಗುತ್ತಾನೆ. ಧರ್ಮಗ್ರಂಥವೊಂದು ತನ್ನ ಮೂಲಪುರುಷರ ಮನೆಯ ಜಗಳಗಳನ್ನು ಇಷ್ಟು ಬಿಚ್ಚುಮನಸ್ಸಿನಿಂದ ಹೇಳಿರುವುದು ಗಮನಾರ್ಹ.

ಆ ಸಮಾಜದಲ್ಲಿ ಹೊಲದ ಹಕ್ಕು, ಮದುವೆ, ಊರಬಾಗಿಲಿನಲ್ಲಿ ಕೂಡುತ್ತಿದ್ದ ಹಿರಿಯರ ನ್ಯಾಯ, ಸತ್ತ ಮೇಲಿನ ಸಮಾಧಿ ಇವೆಲ್ಲವೂ 'ತಂದೆಯ ಮನೆ' ಎಂಬ ಕುಲಘಟಕದ ಮೂಲಕವೇ ನಡೆಯುತ್ತಿದ್ದುದರಿಂದ, ಮನೆಯವರು ಕೈಬಿಟ್ಟವನು ಪ್ರೀತಿಯನ್ನಷ್ಟೇ ಅಲ್ಲ, ನಿಲ್ಲುವ ನೆಲೆಯನ್ನೂ ಕಳೆದುಕೊಳ್ಳುತ್ತಿದ್ದನು. 150 ಹಾಡುಗಳ ಕೀರ್ತನೆಗಳ ಗ್ರಂಥದಲ್ಲಿ 27ನೆಯ ಕೀರ್ತನೆಯು ತಂದೆತಾಯಿಯೇ ತೊರೆದರೂ ದೇವರು ತನ್ನನ್ನು ಸೇರಿಸಿಕೊಳ್ಳುವನೆಂದು ಹೇಳುವಾಗ ಈ ಹಿನ್ನೆಲೆಯನ್ನು ಮರೆಯಬಾರದು. ಆ ಕೀರ್ತನೆಯ ಮೊದಲರ್ಧದಲ್ಲಿ ಯಾರಿಗೂ ಅಂಜೆನೆಂಬ ಧೈರ್ಯವಿದ್ದರೆ, ಉತ್ತರಾರ್ಧದಲ್ಲಿ ಮುಖ ಮರೆಸಿಕೊಳ್ಳಬೇಡವೆಂದು ದೇವರನ್ನು ಅಂಗಲಾಚುವ ದೈನ್ಯವಿದೆ. ಇವು ಮೂಲತಃ ಎರಡು ಬೇರೆ ಹಾಡುಗಳೆಂದು ಕೆಲವು ವಿದ್ವಾಂಸರು ಭಾವಿಸಿದ್ದಾರೆ. ತಂದೆತಾಯಿಯ ಮಾತು ಬರುವುದು ಧೈರ್ಯದ ಭಾಗದಲ್ಲಲ್ಲ, ದೈನ್ಯದ ಭಾಗದಲ್ಲಿ. ಆದಕಾರಣ ಅಲ್ಲಿಯ ನಂಬಿಕೆಯನ್ನು ನಿಶ್ಚಿಂತೆಯೆಂದು ಓದುವುದು ತಪ್ಪಾಗುತ್ತದೆ.

69ನೆಯ ಕೀರ್ತನೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಡುವವನು ಒಡಹುಟ್ಟಿದವರಿಗೆ ಪರಕೀಯನಾದದ್ದು ದೇವಾಲಯದ ಮೇಲಿನ ಅವನ ತೀವ್ರ ಅಭಿಮಾನದಿಂದಲೇ ಎಂದು ಕಾರಣವನ್ನೂ ಕೊಡುತ್ತದೆ. ಪ್ರವಾದಿ, ಎಂದರೆ ದೇವರ ಮಾತನ್ನು ಜನರಿಗೆ ಸಾರುವವನು, ಆಗಿದ್ದ ಯೆರೆಮೀಯನಿಗೂ ಅಣ್ಣತಮ್ಮಂದಿರು ದ್ರೋಹ ಬಗೆದರೆಂದು ಅವನ ಗ್ರಂಥ ಹೇಳುತ್ತದೆ. ಇಲ್ಲಿ ಸಂಬಂಧ ಕಡಿದದ್ದೂ ಭಕ್ತಿ, ಕಡಿದ ಮೇಲೆ ಉಳಿದ ಆಸರೆಯೂ ಭಕ್ತಿ.

ಈ ಕೊನೆಯ ಮಾತು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯ ಓದುಗರಿಗೆ ಹೊಸದಾಗಿ ಕೇಳಿಸಲಾರದು. 12ನೆಯ ಶತಮಾನದಲ್ಲಿ ಮಾದರಸ ಮತ್ತು ಮಾದಲಾಂಬಿಕೆಯರ ಮಗನಾದ ಬಸವಣ್ಣನು ಬ್ರಾಹ್ಮಣ ಮನೆತನದ ಜನಿವಾರವನ್ನು ಒಲ್ಲದೆ ಕೂಡಲಸಂಗಮಕ್ಕೆ ಹೊರಟುಹೋದ ಪ್ರಸಂಗವನ್ನು ಕವಿಗಳು ಒಂದೇ ತೆರನಾಗಿ ಹೇಳಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಉಪನಯನದ ಕುರಿತು ತಂದೆಮಗನ ನಡುವೆ ವಾದ ನಡೆದು ಬಸವಣ್ಣ ಮನೆ ಬಿಡುತ್ತಾನೆ. ಹರಿಹರನ ರಗಳೆಯಲ್ಲಾದರೆ ತಂದೆತಾಯಿ ಮೊದಲೇ ತೀರಿಕೊಂಡಿರುವುದರಿಂದ ಅಜ್ಜಿಯ ಆರೈಕೆಯಲ್ಲಿ ಬೆಳೆದ ಹುಡುಗನು ಜನಿವಾರವನ್ನು ಕಿತ್ತೆಸೆದು ನಡೆಯುತ್ತಾನೆ. ಒಂದರಲ್ಲಿ ಮಗ ಮನೆಯನ್ನು ಬಿಡುತ್ತಾನೆ, ಇನ್ನೊಂದರಲ್ಲಿ ಮನೆಯೇ ಮೊದಲು ಮಗನನ್ನು ಬಿಟ್ಟುಹೋಗಿರುತ್ತದೆ. ಕೀರ್ತನಕಾರನ ಸ್ಥಿತಿಗೆ ಹೆಚ್ಚು ಹತ್ತಿರವಾದದ್ದು ಹರಿಹರನ ಬಸವಣ್ಣ.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಕೂಡಲಸಂಗಮದೇವನನ್ನೇ ತಾಯಿ, ತಂದೆ, ಬಂಧುಬಳಗ ಎಂದು ಭಾವಿಸುವ ವಚನಗಳು ಕೀರ್ತನೆಯ ನಿಲುವಿಗೆ ಸಮೀಪವಾಗಿದ್ದರೂ, ಬಸವಣ್ಣ ಅಷ್ಟಕ್ಕೇ ತೃಪ್ತನಾಗದೆ, ಮಾದಾರ ಚೆನ್ನಯ್ಯನನ್ನು ಅಪ್ಪನೆಂದೂ ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದೂ ಕರೆದು, ಜಾತಿಯ ಕಟ್ಟಳೆಯಲ್ಲಿ ಎಂದಿಗೂ ನೆಂಟರಾಗಲಾರದವರನ್ನು ತನ್ನ ಮನೆಯವರನ್ನಾಗಿ ಮಾಡಿಕೊಳ್ಳುತ್ತಾನೆ. ಕೀರ್ತನಕಾರನಿಗೆ ಕಳೆದುಹೋದ ಮನೆಯ ಜಾಗದಲ್ಲಿ ದೇವರು ಸಿಗುತ್ತಾನೆ. ಬಸವಣ್ಣನಿಗೆ ದೇವರ ಜೊತೆಗೆ ಒಂದು ದೊಡ್ಡ ಬಳಗವೂ ಸಿಗುತ್ತದೆ. ಹುಟ್ಟಿದ ಮನೆಯ ನಂಟು ಪೂರ್ತಿ ಹರಿಯಿತೆಂದೂ ಅಲ್ಲ: ಅಕ್ಕ ನಾಗಮ್ಮನೂ ಅವಳ ಮಗ ಚೆನ್ನಬಸವಣ್ಣನೂ ಮುಂದೆ ಅವನು ನೆಲೆಸಿದ ಕಲ್ಯಾಣ ಪಟ್ಟಣದಲ್ಲಿ ಅವನೊಂದಿಗಿದ್ದರು.

ಆದರೆ ಅಗಲಿಕೆ ಅಲ್ಲಿಗೆ ಮುಗಿಯಲಿಲ್ಲ. ಕಲ್ಯಾಣದ ಗಲಭೆಯ ಕಾಲಕ್ಕೆ ಕೂಡಲಸಂಗಮ ಸೇರಿದ ಬಸವಣ್ಣನು ಮಡದಿ ನೀಲಾಂಬಿಕೆಯನ್ನು ಕರೆತರಲು ಶರಣ ಹಡಪದ ಅಪ್ಪಣ್ಣನನ್ನು ಕಳಿಸಿದನೆಂದೂ, ಅಲ್ಲಿರುವ ಸಂಗಯ್ಯ, ಎಂದರೆ ಕೂಡಲಸಂಗಮದೇವ, ಇಲ್ಲಿಲ್ಲವೇ ಎಂಬುದು ಆಕೆಯ ಮೊದಲ ಉತ್ತರವಾಗಿತ್ತೆಂದೂ, ಕಡೆಗೆ ಹೊರಟು ಬರುವಾಗ ಬಸವಣ್ಣ ಐಕ್ಯನಾದ, ಎಂದರೆ ದೇವರಲ್ಲಿ ಒಂದಾದ, ಸುದ್ದಿ ತಿಳಿದು ಕೃಷ್ಣೆಯ ದಡದಲ್ಲೇ ನಿಂತಳೆಂದೂ ಶರಣ ಪರಂಪರೆ ಹೇಳುತ್ತದೆ. ತಂದೆತಾಯಿಯ ಬದಲಿಗೆ ದೇವರೆಂದ ಕೀರ್ತನಕಾರನಿಗಿಂತ, ಗಂಡ ಕರೆದಾಗಲೂ ದೇವರನ್ನು ತಾನಿರುವಲ್ಲೇ ಕಂಡ ನೀಲಾಂಬಿಕೆಯ ನಂಬಿಕೆ ಗಟ್ಟಿಯಾದದ್ದು ಎನ್ನಬೇಕು. ಆಕೆಯ ಐಕ್ಯಸ್ಥಳವೆಂದು ಪೂಜೆಗೊಳ್ಳುವ ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿದೆ. ಕೂಡಲಸಂಗಮಕ್ಕೆ ಹೋಗುವವರು ಅಲ್ಲಿಗೂ ಹೋಗಿ ಬರಬೇಕು.