18 ಟನ್ ಅನಿಲ, 445 ಮೀಟರ್: ಆವಿಮೋಡದ ಸ್ಫೋಟದ ಲೆಕ್ಕ

ಮಂಗಳೂರಿನಿಂದ ಘಟ್ಟ ಹತ್ತುವ ಎಲ್‌ಪಿಜಿ ಬುಲೆಟ್ ಟ್ಯಾಂಕರಿನಲ್ಲಿ ಸುಮಾರು 18 ಟನ್ ಅನಿಲ ಇರುತ್ತದೆ. ಅಷ್ಟೂ ಸೋರಿ, ಗಾಳಿಗೆ ಬೆರೆತು, ಕಿಡಿ ತಗುಲಿದರೆ ಎಷ್ಟು ದೂರದ ಮನೆಗೆ ಪೆಟ್ಟು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಲ್ಲಿನ ಕಾರ್ಖಾನೆಗಳಿಗೆ ಕೊಟ್ಟಿರುವ ಸೂತ್ರದಲ್ಲಿ ಇದು ಐದು ನಿಮಿಷದ ಲೆಕ್ಕ. ಒಂದು ಕಿಲೋ ಎಲ್‌ಪಿಜಿಯಲ್ಲಿ ಒಂದು ಕಿಲೋ ಟಿಎನ್‌ಟಿ ಸ್ಫೋಟಕದ ಸುಮಾರು ಹತ್ತರಷ್ಟು ಶಕ್ತಿ ಇದೆ. ಅದರಲ್ಲಿ ಶೇ 10 ಮಾತ್ರ ಸ್ಫೋಟದ ಅಲೆಯಾಗುತ್ತದೆ ಎಂದು ಸೂತ್ರ ಹಿಡಿಯುತ್ತದೆ. ಅಲ್ಲಿಗೆ 18 ಟನ್ ಅನಿಲವೆಂದರೆ 18 ಟನ್ ಟಿಎನ್‌ಟಿ. 18,000 ಕಿಲೋದ ಘನಮೂಲ 26.2. ಅದನ್ನು ಸೂತ್ರದ ಗುಣಕ 17ರಿಂದ ಗುಣಿಸಿದರೆ 445 ಮೀಟರ್.

ಆ ದೂರದಲ್ಲಿ ಒತ್ತಡ 1 ಪಿಎಸ್‌ಐ, ಅಂದರೆ 69 ಮಿಲಿಬಾರ್. ಕಾರಿನ ಟಯರಿನಲ್ಲೇ 30 ಪಿಎಸ್‌ಐ ಇರುವಾಗ ಇದೇನು ಮಹಾ ಎನಿಸಬಹುದು. ಆದರೆ ಗೋಡೆಗೆ ಅದು ಚದರ ಮೀಟರಿಗೆ 700 ಕಿಲೋ ಭಾರ. ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲಿನ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುಮಾರು 1,370 ಕಿಲೋ ಬಂದು ಬೀಳುತ್ತದೆ.

ಈ ಲೆಕ್ಕದಲ್ಲಿ ಟನ್ನಿನ ಪಾತ್ರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಘನಮೂಲದ ದೆಸೆಯಿಂದ, ಎಂಟು ಪಟ್ಟು ಅನಿಲ ಸೋರಿದರೂ ದೂರ ಎರಡೇ ಪಟ್ಟಾಗುತ್ತದೆ. ಆಟವೆಲ್ಲ ಆ ಶೇ 10ರದ್ದು. ಅದನ್ನು ಶೇ 1 ಎಂದು ಹಿಡಿದರೆ 445 ಮೀಟರ್ 207ಕ್ಕೆ ಇಳಿಯುತ್ತದೆ.

ನಿಜವಾಗಿ ನಡೆದ ದುರಂತಗಳು ಏನು ಹೇಳುತ್ತವೆ? 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ರಾಸಾಯನಿಕ ಕಾರ್ಖಾನೆಯಲ್ಲಿ ತಾತ್ಕಾಲಿಕವಾಗಿ ಜೋಡಿಸಿದ್ದ ಪೈಪು ಕಿತ್ತು ಸುಮಾರು 40 ಟನ್ ಸೈಕ್ಲೋಹೆಕ್ಸೇನ್ ಎಂಬ ಸುಡುವ ದ್ರವ ಹೊರಬಂತು. ಸ್ಫೋಟಕ್ಕೆ 28 ಜನ ಸತ್ತರು, ಅವರಲ್ಲಿ 18 ಮಂದಿ ಕಂಟ್ರೋಲ್ ರೂಮಿನಲ್ಲೇ. ಸ್ಫೋಟದ ಬಲ ಸುಮಾರು 16 ಟನ್ ಟಿಎನ್‌ಟಿ ಎಂಬುದು ಹೆಚ್ಚು ಬಳಕೆಯಲ್ಲಿರುವ ಅಂದಾಜು. ಸೋರಿದ ಶಕ್ತಿಯ ಶೇ 4. 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರದ ತೈಲ ಡಿಪೋದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಪೆಟ್ರೋಲ್ ಸುರಿಯಿತು, ಸುಮಾರು 1,000 ಟನ್. ತನಿಖಾ ಸಮಿತಿ ಅಂದಾಜು ಮಾಡಿದ ಬಲ 20 ಟನ್ ಟಿಎನ್‌ಟಿ. ಇಲ್ಲಿ ಶೇಕಡಾವಾರು 0.2 ಅಷ್ಟೇ. ಸುರಿದದ್ದೆಲ್ಲ ಆವಿಯಾಗಿರಲಿಲ್ಲ, ಆವಿಯಾದದ್ದೆಲ್ಲ ಹೊತ್ತಿಕೊಳ್ಳುವ ಹದದಲ್ಲಿ ಗಾಳಿಗೆ ಬೆರೆತಿರಲಿಲ್ಲ. ಶೇ 10ರ ಸೂತ್ರವನ್ನೇ ಜೈಪುರಕ್ಕೆ ಹಾಕಿದ್ದರೆ 1,700 ಮೀಟರ್ ಬರುತ್ತಿತ್ತು. 20 ಟನ್ ಲೆಕ್ಕದಲ್ಲಿ 460. ಕಿಟಕಿ ಗಾಜು ಮಾತ್ರ ಎರಡು ಕಿಲೋಮೀಟರ್ ಆಚೆಗೂ ಒಡೆದಿತ್ತು. ಗಾಜಿಗೆ 1 ಪಿಎಸ್‌ಐ ಬೇಕಿಲ್ಲ.

ಈ ಹೊಯ್ದಾಟ ನೋಡಿಯೇ ನೆದರ್ಲೆಂಡ್ಸ್‌ನ ಟಿಎನ್ಒ ಸಂಸ್ಥೆಯವರು 1980ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಬಯಲಲ್ಲಿ ಹರಡಿದ ಮೋಡ ಬುಸ್ಸೆಂದು ಉರಿದು ಹೋಗುತ್ತದೆ. ಪೈಪು, ಕಂಬ, ಯಂತ್ರಗಳು ಒತ್ತೊತ್ತಾಗಿರುವ ಕಡೆ ಜ್ವಾಲೆ ಅವುಗಳ ನಡುವೆ ಕದಡಿ ವೇಗ ಹೆಚ್ಚಿಸಿಕೊಳ್ಳುತ್ತದೆ, ಒತ್ತಡ ಹುಟ್ಟುವುದು ಅಲ್ಲಿ. ಆದ್ದರಿಂದ ಆ ಇಕ್ಕಟ್ಟಿನ ಜಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅವರ ವಾದ. ಹದವಾಗಿ ಬೆರೆತ ಮೋಡದ ಒಂದು ಘನ ಮೀಟರಿನಲ್ಲಿ 3.5 ಮೆಗಾಜೂಲ್ ಶಕ್ತಿ. 50 ಮೀಟರ್ ಉದ್ದ, 20 ಅಗಲ, 10 ಎತ್ತರದ ಪೈಪುಗಳ ಗೊಂಡಾರಣ್ಯವೆಂದರೆ 10,000 ಘನ ಮೀಟರ್, 35,000 ಮೆಗಾಜೂಲ್. ಅಷ್ಟಕ್ಕೆ ಬೇಕಾದ, ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಸುಮಾರು 750 ಕಿಲೋ! ನಮ್ಮ ಟ್ಯಾಂಕರಿನ 18 ಟನ್‌ನಲ್ಲಿ ಉಳಿದದ್ದು ಬೆಂಕಿಯಾಗಿ ಸುಡುತ್ತದೆ, ಸ್ಫೋಟದ ಅಲೆಗೆ ಸೇರುವುದಿಲ್ಲ. ನನ್ನ ಮಟ್ಟಿಗೆ ಟಿಎನ್‌ಟಿ ಸೂತ್ರಕ್ಕಿಂತ ಇದು ಮೇಲು; ಏಕೆಂದರೆ ಎಷ್ಟು ಸೋರಿತು ಎನ್ನುವುದರ ಜೊತೆಗೆ ಎಲ್ಲಿ ಸೋರಿತು ಎಂದೂ ಕೇಳುತ್ತದೆ.

ಆದರೂ ಈ ವಿಧಾನವೂ ಕೈಕೊಟ್ಟಿತು. 2005ರ ಡಿಸೆಂಬರ್ 11ರ ಭಾನುವಾರ, ಬೆಳಗಿನ 6 ಗಂಟೆ. ಲಂಡನ್ನಿನ ಉತ್ತರಕ್ಕಿರುವ ಬನ್ಸ್‌ಫೀಲ್ಡ್ ಡಿಪೋದಲ್ಲಿ ಟ್ಯಾಂಕ್ ಉಕ್ಕಿ ಸುಮಾರು 300 ಟನ್ ಪೆಟ್ರೋಲ್ ಹೊರಚೆಲ್ಲಿ, ಆವಿ ಪಕ್ಕದ ಕಾರ್ ಪಾರ್ಕಿಂಗ್‌ವರೆಗೆ ಹಬ್ಬಿತ್ತು. ತೆರೆದ ಜಾಗವಾದ್ದರಿಂದ ಅಂದಿನ ವಿಧಾನಗಳ ಪ್ರಕಾರ ಅಲ್ಲಿ 20ರಿಂದ 50 ಮಿಲಿಬಾರ್ ಬರಬೇಕಿತ್ತು. ನಜ್ಜುಗುಜ್ಜಾದ ಕಾರುಗಳನ್ನು ಪರೀಕ್ಷಿಸಿದ ತಜ್ಞರು ಕೊನೆಗೆ ಮುಟ್ಟಿದ ಅಂಕಿ 2,000 ಮಿಲಿಬಾರಿಗೂ ಮೇಲೆ. ಕನಿಷ್ಠ ನಲವತ್ತು ಪಟ್ಟು! ಪೈಪುಗಳ ಕೆಲಸವನ್ನು ರಸ್ತೆಯಂಚಿನ ಮರಗಿಡಗಳ ಸಾಲು ಮಾಡಿತ್ತು. ಭಾನುವಾರದ ಬೆಳಗಾದ್ದರಿಂದ ಸಾವು ಸಂಭವಿಸಲಿಲ್ಲ, 43 ಜನರಿಗೆ ಗಾಯ.

ಖರ್ಚಿನ ಪಟ್ಟಿ ಹೀಗಿದೆ. ಪರಿಹಾರದ ದಾವೆಗಳು 62.5 ಕೋಟಿ ಪೌಂಡ್. ಲಂಡನ್ನಿನ ಹೀಥ್ರೂ ನಿಲ್ದಾಣದ ವಿಮಾನಗಳಿಗೆ ಇಂಧನದ ದೊಡ್ಡ ಪಾಲು ಅಲ್ಲಿಂದ ಹೋಗುತ್ತಿದ್ದುದರಿಂದ ವಿಮಾನಯಾನಕ್ಕೆ 24.5 ಕೋಟಿ. ಉಳಿದದ್ದೂ ಸೇರಿ ಒಟ್ಟು 89.4 ಕೋಟಿ ಪೌಂಡ್, ಆಗಿನ ದರದಲ್ಲಿ ಸುಮಾರು 7,000 ಕೋಟಿ ರೂಪಾಯಿ. ಟ್ಯಾಂಕ್ ತುಂಬಿದಾಗ ತಾನೇ ಪೆಟ್ರೋಲ್ ನಿಲ್ಲಿಸಬೇಕಿದ್ದ ಸ್ವಿಚ್ಚು ಕೆಲಸ ಮಾಡಿರಲಿಲ್ಲ, ಅದರ ಸನ್ನೆಕೋಲನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಬೀಗವನ್ನೇ ಹಾಕಿರಲಿಲ್ಲ. ಜೈಪುರದ ನಷ್ಟ 280 ಕೋಟಿ ರೂಪಾಯಿ, 11 ಜೀವ. ಅಲ್ಲಿಯೂ ಟ್ಯಾಂಕಿನ ವಾಲ್ವನ್ನು ಕಂಟ್ರೋಲ್ ರೂಮಿನಿಂದ ಮುಚ್ಚುವ ವ್ಯವಸ್ಥೆ ಕೆಟ್ಟು ಬಿದ್ದಿತ್ತು.

ದೊಡ್ಡ ಪ್ರಮಾಣದಲ್ಲಿ ಇಂಧನ ಇಟ್ಟುಕೊಳ್ಳುವ ಕಾರ್ಖಾನೆಯ ಸುತ್ತ ವಾಸಿಸುವವರಿಗೆ ಅಪಾಯದ ಮಾಹಿತಿ ಕೊಡಬೇಕೆಂದು ನಮ್ಮ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲೇ ಇದೆ. ಡಿಪೋ ಪಕ್ಕ ಮನೆಯಿದ್ದರೆ ಕೇಳಿ. ನಕ್ಷೆಯ ಮೇಲಿನ ಅಪಾಯದ ವೃತ್ತವನ್ನಷ್ಟೇ ತೋರಿಸಿದರೆ ಬಿಡಬೇಡಿ. ಶೇಕಡಾ ಎಷ್ಟು ಹಿಡಿದಿದ್ದೀರಿ, ಕಾಂಪೌಂಡಿನಾಚೆಯ ಮರಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ ಎಂದೂ ಕೇಳಿ.