ಫೋಟೋಶಾಪ್‌ನಿಂದ ಮುಕ್ತ ತಂತ್ರಾಂಶದತ್ತ: ಕಡತಗಳನ್ನು ಮೊದಲು ಬಿಡಿಸಿಕೊಳ್ಳಿ

ಛಾಯಾಚಿತ್ರ ತಿದ್ದುವ ಕೆಲಸಕ್ಕೆ ‘ಫೋಟೋಶಾಪ್ ಮಾಡುವುದು’ ಎಂಬ ಹೆಸರೇ ನಿಂತುಹೋಗಿದೆ. 1990ರಲ್ಲಿ ಮಾರುಕಟ್ಟೆಗೆ ಬಂದ ಈ ತಂತ್ರಾಂಶವನ್ನು ಮದುವೆಯ ಆಲ್ಬಂ ಸಿದ್ಧಪಡಿಸುವ ಸ್ಟುಡಿಯೋದಿಂದ ಹಿಡಿದು ಫ್ಲೆಕ್ಸ್ ಅಂಗಡಿಯವರೆಗೆ ಬಳಸದವರು ವಿರಳ. ಅವರಲ್ಲಿ ಹಣ ತೆತ್ತು ಬಳಸುವವರು ಎಷ್ಟು ಮಂದಿ ಎಂದು ಕೇಳಿದರೆ ಮಾತ್ರ ಮಾತು ಬೇರೆಡೆಗೆ ಹೊರಳುತ್ತದೆ.

ಕೇಳಬೇಕಾದ ಕಾರಣವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63-ಬಿ ಕಲಂ ಪ್ರಕಾರ, ತಂತ್ರಾಂಶದ ಕಳ್ಳಪ್ರತಿಯನ್ನು ತಿಳಿದೂ ಬಳಸುವುದು ಅಪರಾಧ. ಕನಿಷ್ಠ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ಲಾಭಕ್ಕಾಗಿ ಬಳಸದವರಿಗೆ ನ್ಯಾಯಾಲಯ ರಿಯಾಯಿತಿ ತೋರಬಹುದು. ಗಿರಾಕಿಯಿಂದ ಹಣ ಪಡೆಯುವ ಸ್ಟುಡಿಯೋಗೆ ಆ ಆಸರೆಯೂ ಇಲ್ಲ.

ಹಣ ಕೊಟ್ಟವರ ಪಾಡೂ ಮೊದಲಿನಂತಿಲ್ಲ. ಒಮ್ಮೆ ಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದಾಗಿದ್ದ ಪೂರ್ಣ ಫೋಟೋಶಾಪ್ 2012ರ ಸಿಎಸ್6 ಆವೃತ್ತಿಗೇ ಕೊನೆಯಾಯಿತು. ಮುಂದಿನ ಆವೃತ್ತಿಗಳೆಲ್ಲ ಚಂದಾದಾರರಿಗೆ ಮಾತ್ರ ಎಂದು ಅಡೋಬಿ ಸಂಸ್ಥೆ 2013ರ ಮೇ ತಿಂಗಳಲ್ಲಿ ಘೋಷಿಸಿತು. ಚಂದಾ ನಿಂತರೆ ತಂತ್ರಾಂಶವೂ ನಿಲ್ಲುತ್ತದೆ. ಹತ್ತು ವರ್ಷ ದುಡಿದು ಕಟ್ಟಿದ ಕಡತಗಳು ಗಣಕದಲ್ಲೇ ಉಳಿಯುತ್ತವೆ, ಅವುಗಳ ಬೀಗದ ಕೈ ಮಾತ್ರ ಬೇರೆಯವರ ಬಳಿ.

ಪರ್ಯಾಯಗಳಲ್ಲಿ ಹಿರಿಯದು ಗಿಂಪ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಇದನ್ನು ಆರಂಭಿಸಿದರು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಇದು ಉಚಿತವೂ ಹೌದು, ಮುಕ್ತವೂ ಹೌದು. ಇಂಗ್ಲಿಷಿನಲ್ಲಿ ಒಂದೇ ಪದ ಎರಡೂ ಅರ್ಥ ಕೊಡುವುದರಿಂದ ಹುಟ್ಟಿದ ಗೊಂದಲ ಕನ್ನಡಕ್ಕೆ ಬೇಕಿಲ್ಲ: ಉಚಿತ ಎಂದರೆ ಬೆಲೆಯಿಲ್ಲದ್ದು, ಮುಕ್ತ ಎಂದರೆ ಯಾರು ಬೇಕಾದರೂ ಒಳಗಿನ ಸಂಕೇತವನ್ನು ಓದಿ, ತಿದ್ದಿ, ಹಂಚಬಹುದಾದದ್ದು. ಬೆಲೆ ನಾಳೆ ಬದಲಾಗಬಹುದು. ಒಮ್ಮೆ ಮುಕ್ತ ಪರವಾನಗಿಯಡಿ ಪಡೆದ ಪ್ರತಿಯನ್ನು ಹಿಂದಕ್ಕೆ ಕಸಿಯಲಾಗದು.

ಗಿಂಪ್ ಬಗ್ಗೆ ಬಹುಕಾಲ ಇದ್ದ ದೂರುಗಳು ಸುಳ್ಳಲ್ಲ. ಕಿಟಕಿಗಳೆಲ್ಲ ಚದುರಿ ನಿಲ್ಲುತ್ತಿದ್ದ ವಿನ್ಯಾಸಕ್ಕೆ 2012ರ 2.8 ಆವೃತ್ತಿ ಪರಿಹಾರ ನೀಡಿತು. ವರ್ಣದ ಸೂಕ್ಷ್ಮ ಛಾಯೆಗಳನ್ನು ಉಳಿಸುವ 16 ಮತ್ತು 32 ಬಿಟ್ ಸಂಸ್ಕರಣೆ 2018ರ 2.10ರಲ್ಲಿ ಬಂತು. ಮೂಲ ಚಿತ್ರವನ್ನು ಕೆಡಿಸದೆ ಫಿಲ್ಟರ್‌ಗಳನ್ನು ಮತ್ತೆ ಮತ್ತೆ ಬದಲಿಸುವ ಸೌಲಭ್ಯಕ್ಕೆ 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ 3.0 ಆವೃತ್ತಿಯವರೆಗೆ ಕಾಯಬೇಕಾಯಿತು. ಹಾಗೆಂದು ಎಲ್ಲದರಲ್ಲಿಯೂ ಗಿಂಪ್ ಹಿಂದೆ ಬಿದ್ದಿತ್ತೆಂದಲ್ಲ. ಚಿತ್ರದಿಂದ ಬೇಡವಾದ ವಸ್ತುವನ್ನು ಅಳಿಸಿ ಹಿನ್ನೆಲೆಯನ್ನು ತಾನಾಗಿ ತುಂಬುವ ವಿದ್ಯೆ ಫೋಟೋಶಾಪ್‌ಗೆ ಬಂದದ್ದು 2010ರಲ್ಲಿ. ಅದಕ್ಕೂ ಮೊದಲೇ ಗಿಂಪ್ ಬಳಕೆದಾರರು ರಿಸಿಂಥಸೈಸರ್ ಎಂಬ ಪುಟ್ಟ ಜೋಡಣೆಯಿಂದ ಅದನ್ನು ಮಾಡುತ್ತಿದ್ದರು.

ಮುದ್ರಣದವರಿಗೆ ಇಂದಿಗೂ ತೊಡಕಿದೆ. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ನಾಲ್ಕು ವರ್ಣಗಳ ಸಿಎಂವೈಕೆಯಲ್ಲಿಯೇ ಗಿಂಪ್‌ನೊಳಗೆ ಕೆಲಸ ಮಾಡಲಾಗದು. ಮುದ್ರಣದಲ್ಲಿ ಹೇಗೆ ಕಾಣುವುದೆಂದು ನೋಡಬಹುದು, ಕೊನೆಗೆ ಆ ರೂಪಕ್ಕೆ ರಫ್ತು ಮಾಡಬಹುದು, ಅಷ್ಟೆ. ಸಿಎಂವೈಕೆಯಲ್ಲಿಯೇ ಚಿತ್ರ ರಚಿಸುವವರಿಗೆ ಕ್ರಿಟಾ, ಪುಟ ಜೋಡಿಸುವವರಿಗೆ ಸ್ಕ್ರೈಬಸ್ ಇವೆ. ಎರಡೂ ಮುಕ್ತ ತಂತ್ರಾಂಶಗಳೇ.

ಇವೆಲ್ಲಕ್ಕಿಂತ ದೊಡ್ಡ ಕಂಟಕ ಹಳೆಯ ಕಡತಗಳದು. ಪಿಎಸ್‌ಡಿ ಕಡತವನ್ನು ಗಿಂಪ್ ತೆರೆಯುತ್ತದೆ. ಲೇಯರ್ ಎನ್ನುವ ಪದರಗಳೂ ಬರುತ್ತವೆ. ಆದರೆ ಸ್ಮಾರ್ಟ್ ಆಬ್ಜೆಕ್ಟ್‌ಗಳು, ವರ್ಣ ಹೊಂದಿಸುವ ಪದರಗಳು, ಅಕ್ಷರದ ಪದರಗಳು ಮೊದಲಿನಂತೆ ತಿದ್ದಲು ಸಿಗುತ್ತವೆಂಬ ಭರವಸೆಯಿಲ್ಲ. ಆ್ಯಕ್ಷನ್‌ಗಳು ಇಲ್ಲಿ ನಡೆಯುವುದಿಲ್ಲ. ಸಿದ್ಧ ಪಿಎಸ್‌ಡಿ ಟೆಂಪ್ಲೇಟ್‌ಗಳಿಗೆ ವಧೂವರರ ಚಿತ್ರ ಕೂರಿಸಿ ಆಲ್ಬಂ ಮುಗಿಸುವ ವಿನ್ಯಾಸಕಾರರು ಮದುವೆಯ ಹಂಗಾಮಿನ ನಡುವೆ ತಂತ್ರಾಂಶ ಬದಲಿಸುವ ಸಾಹಸಕ್ಕೆ ಇಳಿಯದಿರುವುದೇ ಕ್ಷೇಮ.

ಕನ್ನಡದ ಕಡತಗಳಲ್ಲಿ ಇನ್ನೊಂದು ಗಂಟಿದೆ. ಬಹುಕಾಲ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ; ಒತ್ತಕ್ಷರಗಳು ಒಡೆದು ಬೀಳುತ್ತಿದ್ದವು. ಆದ್ದರಿಂದ ನುಡಿ, ಶ್ರೀಲಿಪಿಗಳ ಹಳೆಯ ಸಂಕೇತದ ಅಕ್ಷರಗಳೇ ರೂಢಿಯಾದವು. ಅಂತಹ ಕಡತದಲ್ಲಿ ಇರುವುದು ಕನ್ನಡವಲ್ಲ, ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರಗಳು. ಫಾಂಟ್ ಕಳಚಿದೊಡನೆ ಲಗ್ನಪತ್ರಿಕೆಯ ‘ಶ್ರೀ’ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಗಿಂಪ್ ಇಲ್ಲಿ ಮೇಲುಗೈ ಸಾಧಿಸುತ್ತದೆ. ಯೂನಿಕೋಡ್‌ನಲ್ಲಿ ಟೈಪಿಸಿದ ‘ರಾಷ್ಟ್ರ’, ‘ಸೂರ್ಯ’ಗಳ ಒತ್ತು ಮತ್ತು ಅರ್ಕಾವೊತ್ತುಗಳು ಯಾವ ವಿಶೇಷ ಹೊಂದಿಕೆಯೂ ಇಲ್ಲದೆ ಸರಿಯಾಗಿ ಕೂರುತ್ತವೆ. ನೋಟೊ, ಲೋಹಿತ್, ಬಾಲೂ ತಮ್ಮ ಮುಂತಾದ ಮುಕ್ತ ಫಾಂಟ್‌ಗಳನ್ನು ವಾಣಿಜ್ಯ ಕೆಲಸಕ್ಕೂ ಬಳಸಬಹುದು. ಫೋಟೋಶಾಪ್‌ನ ಇತ್ತೀಚಿನ ಆವೃತ್ತಿಗಳೂ ಯೂನಿಕೋಡ್ ಕನ್ನಡವನ್ನು ಮೂಡಿಸಬಲ್ಲವು, ಆದರೆ ಅಕ್ಷರ ಜೋಡಣೆಯ ಹೊಂದಿಕೆ ಎಲ್ಲಿದೆ ಎಂಬುದು ಅನೇಕ ಅಂಗಡಿಗಳಿಗೆ ಗೊತ್ತಿಲ್ಲ.

ಆದ್ದರಿಂದ ಬದಲಾವಣೆಯ ಸಿದ್ಧತೆ ಚಂದಾ ಜೀವಂತವಿರುವಾಗಲೇ ನಡೆಯಬೇಕು. ಮತ್ತೆ ಬೇಕಾಗಬಹುದಾದ ಪ್ರತಿ ಪಿಎಸ್‌ಡಿಯ ಜೊತೆಗೆ ಪೂರ್ಣ ಅಳತೆಯ 16 ಬಿಟ್ ಟಿಫ್ ಪ್ರತಿಯೊಂದನ್ನು ತೆಗೆದಿಡಬೇಕು. ಕಡತದೊಳಗಿನ ಕನ್ನಡ ಪಠ್ಯವನ್ನು ನಕಲಿಸಿ, ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದು ಪ್ರತ್ಯೇಕವಾಗಿ ಉಳಿಸಬೇಕು. ಲೈಟ್‌ರೂಮ್ ಬಳಸುವವರು ಇನ್ನೂ ಎಚ್ಚರ ವಹಿಸಬೇಕು. ಅಲ್ಲಿ ಮಾಡಿದ ತಿದ್ದುಪಡಿ ಚಿತ್ರದಲ್ಲಿ ಇರುವುದಿಲ್ಲ, ಸೂಚನೆಗಳ ಪಟ್ಟಿಯಾಗಿ ಇರುತ್ತದೆ. ರಾ ಚಿತ್ರಗಳಿಗೆಂದೇ 2009ರಲ್ಲಿ ಆರಂಭವಾದ ಡಾರ್ಕ್‌ಟೇಬಲ್ ಆ ಸೂಚನೆಗಳಲ್ಲಿ ಕೆಲವನ್ನು ಮಾತ್ರ ಅರ್ಥ ಮಾಡಿಕೊಳ್ಳುತ್ತದೆ. ಮುಗಿದ ಚಿತ್ರಗಳನ್ನು ಟಿಫ್‌ಗೆ ಇಳಿಸಿ, ಮೂಲ ರಾ ಕಡತಗಳನ್ನು ಹಾಗೆಯೇ ಕಾಯ್ದಿರಿಸುವುದು ಸುರಕ್ಷಿತ ದಾರಿ.

ಕೈಯ ಅಭ್ಯಾಸ ಬದಲಾಗಲು ವಾರಗಳೇ ಹಿಡಿಯುತ್ತವೆ. ಕೀಲಿಗಳ ಶಾರ್ಟ್‌ಕಟ್‌ಗಳನ್ನು ಫೋಟೋಶಾಪ್‌ನಂತೆಯೇ ಹೊಂದಿಸಿಕೊಳ್ಳಬಹುದಾದರೂ ಎರಡರ ಆಯ್ಕೆ ಪಟ್ಟಿಗಳು ಒಂದಲ್ಲ. ಪಾಸ್‌ಪೋರ್ಟ್ ಅಳತೆಯ ಚಿತ್ರ, ಹಳೆಯ ಫೋಟೋಗಳ ದುರಸ್ತಿಯಂತಹ ಕೆಲಸಗಳಿಂದ ಆರಂಭಿಸಿ, ಆಲ್ಬಂ ಮತ್ತು ಆಫ್‌ಸೆಟ್ ಕೆಲಸಗಳನ್ನು ಕೊನೆಗೆ ಉಳಿಸಿಕೊಂಡರೆ ಗಿರಾಕಿ ಕಾಯಬೇಕಾಗುವುದಿಲ್ಲ.