ಮೀನು ಕಾಣದ ಕಣ್ಣು

ಜನವರಿಯ ಒಂದು ಬೆಳಿಗ್ಗೆ ಮಲ್ಪೆಯ ಧಕ್ಕೆಗೆ ನಾನು ಹೋದದ್ದು ಅಂಜಲ್ ತರಲು. ರೇಟು ಕೇಳಿ ಅದನ್ನು ಅಲ್ಲೇ ಬಿಟ್ಟೆ. ಬದಲಿಗೆ, ಬಲೆಯ ರಾಶಿಯ ಮೇಲೆ ಕೂತು ಚಾ ಕುಡಿಯುತ್ತಿದ್ದ ತಾಂಡೇಲರೊಬ್ಬರು ತೋರಿಸಿದ ಮೊಬೈಲ್ ಸಂದೇಶ ತಲೆಗೆ ಹತ್ತಿಕೊಂಡಿತು. ಇಂಥ ದಿಕ್ಕು, ಇಷ್ಟು ಕಿಲೋಮೀಟರ್, ಅಲ್ಲಿ ನೀರಿನ ಆಳ ಇಷ್ಟು ಮೀಟರ್. ಎಲ್ಲವೂ ಕನ್ನಡದಲ್ಲಿ.

‘ಸ್ಯಾಟಲೈಟಿಗೆ ಮೀನು ಕಾಣ್ತದಾ?’ ಎಂದೆ.

‘ಮೀನು ಎಲ್ಲಿ ಕಾಣುದು ಮಾರಾಯ್ರೆ! ಅದಕ್ಕೆ ಕಾಣುದು ನೀರಿನ ಬಣ್ಣ. ಬಣ್ಣ ನಮಗೂ ಗೊತ್ತಾಗ್ತದೆ. ಆದ್ರೆ ಅಲ್ಲಿವರೆಗೆ ಹೋಗಿ ನೋಡ್ಲಿಕ್ಕೆ ಡೀಸೆಲ್ ಬೇಕಲ್ಲ?’

ಅವರ ಮಾತು ಅಕ್ಷರಶಃ ಸರಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಳಿಸುವ ಈ ಸೂಚನೆಯ ಹೆಸರೇ ‘ಸಂಭಾವ್ಯ ಮೀನುಗಾರಿಕಾ ವಲಯ’. ‘ಸಂಭಾವ್ಯ’ ಎಂಬ ಪದದ ಪ್ರಾಮಾಣಿಕತೆ ನನಗೆ ಹಿಡಿಸಿತು. ಕಡಲಿನ ಸೂಕ್ಷ್ಮ ಸಸ್ಯಗಳು ನೀಲಿ ಬೆಳಕನ್ನು ನುಂಗುವುದರಿಂದ ಅವು ದಟ್ಟವಾಗಿರುವಲ್ಲಿ ನೀರು ಹಸಿರಾಗುತ್ತದೆ. ಬೂತಾಯಿಗೆ ಅದೇ ಊಟ. ಬಿಸಿ ನೀರೂ ತಣ್ಣೀರೂ ಸಂಧಿಸುವ ಅಂಚಿನಲ್ಲಿ ಈ ಊಟ ಒಟ್ಟಾಗುತ್ತದೆ. ಬಣ್ಣ ಮತ್ತು ಉಷ್ಣತೆಯ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಆ ಅಂಚನ್ನು ಹುಡುಕುತ್ತಾರೆ. ಅಂದರೆ ಉಪಗ್ರಹ ಹೇಳುವುದು ಎಲೆ ಹಾಕಿದೆ ಎಂದಷ್ಟೇ; ನೆಂಟರು ಬಂದಿದ್ದಾರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಆ ಹಸಿರನ್ನು ಕಾಣುವುದೂ ಸುಲಭವಲ್ಲ. ಸುಮಾರು 720 ಕಿಲೋಮೀಟರ್ ಮೇಲಿಂದ ನೋಡುವ ಕ್ಯಾಮೆರಾಕ್ಕೆ ಸೇರುವ ಬೆಳಕಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಪಾಲು ಗಾಳಿ ಚದುರಿಸಿದ್ದು. ಅದನ್ನೆಲ್ಲ ಲೆಕ್ಕ ಹಾಕಿ ಕಳೆದ ಮೇಲೆ ಉಳಿಯುವ ಚೂರಿನಲ್ಲಿ ಕಡಲಿನ ಬಣ್ಣ ಇದೆ. ಇದನ್ನು ಓದಿದ ದಿನ ನಾನು ಕಂಡವರಿಗೆಲ್ಲ ಹೇಳಿ ಬೇಸರ ತರಿಸಿದ್ದೇನೆ.

ನಮ್ಮ ಉಪಗ್ರಹಗಳ ಇತಿಹಾಸ ನಿಮಗೆ ಗೊತ್ತಿರುವುದೇ: ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ 1975ರಲ್ಲಿ ಹಾರಿತು. ಅದರ ಹಿಂದಿದ್ದ ಯು.ಆರ್. ರಾವ್ ಇದೇ ಉಡುಪಿ ಸೀಮೆಯ ಅದಮಾರಿನವರು. ಕಡಲಿನ ಬಣ್ಣ ನೋಡುವ ಓಶನ್‌ಸ್ಯಾಟ್‌ಗಳು 1999, 2009 ಮತ್ತು 2022ರಲ್ಲಿ ಹೋದವು.

ತಮಾಷೆ ಬೇರೆ ಇದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆ ಬಂದು ಕಡಲು ಹಸಿರಾಗುವುದು ಮಳೆಗಾಲದಲ್ಲಿ. ಆಗಲೇ ಮೋಡ! ಕ್ಯಾಮೆರಾ ಮೋಡದ ಬೆನ್ನು ನೋಡುತ್ತಾ ಸುತ್ತುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೂ ರಜೆ ಅನ್ನಿ; ಆಗಸ್ಟಿನಲ್ಲಿ ಕಡಲಿಗಿಳಿದ ಮೇಲೂ ಮೋಡವಿದ್ದರೆ ಸೂಚನೆ ಇಲ್ಲ. ಜೋರು ಮಳೆ ಬಂದರೆ ನಮ್ಮ ಡಿಶ್ ಟಿವಿಯೂ ಕೈಕೊಡುತ್ತದಲ್ಲ, ಹಾಗೆ ಅನ್ನಿಸಿದರೂ ಕಾರಣ ಬೇರೆ: ಅಲ್ಲಿ ರೇಡಿಯೋ ಅಲೆಯನ್ನು ಮಳೆಹನಿ ಹೀರುತ್ತದೆ, ಇಲ್ಲಿ ಕಣ್ಣಿಗೇ ಪರದೆ.

‘ಮೆಸೇಜು ಬರದ ದಿನ?’

‘ಹಕ್ಕಿ ಎಲ್ಲಿ ಇಳೀತದೆ ನೋಡುದು. ಮತ್ತೆ ನಮ್ಮ ಲೆಕ್ಕ ಉಂಟಲ್ಲ.’

ಅವರ ಜಿಪಿಎಸ್‌ನಲ್ಲಿ ವರ್ಷಗಳಿಂದ ಗುರುತು ಹಾಕಿಟ್ಟ ಜಾಗಗಳಿವೆ. ಹೈದರಾಬಾದಿನ ಸೂಚನೆ ಧಕ್ಕೆಯ ಎಲ್ಲರಿಗೂ ಒಂದೇ. ಈ ಗುರುತುಗಳು ಮಾತ್ರ ಇವರೊಬ್ಬರವು. ನಿನ್ನೆಯ ಬಂಗುಡೆ ಎಲ್ಲಿ ಸಿಕ್ಕಿತು ಎಂದು ಮೆಲ್ಲಗೆ ಕೇಳಿದೆ.

‘ಪಡುವಣಕ್ಕೆ,’ ಎಂದು ಇಡೀ ಅರಬ್ಬಿ ಸಮುದ್ರದ ಕಡೆ ಕೈ ಬೀಸಿ, ಚಾದ ಲೋಟ ಕೆಳಗಿಟ್ಟರು.